ದೀಪ ಹಚ್ಚುವ ಹೊತ್ತಿನ ನಿದ್ದೆ

ನಮ್ಮ ಚಿದ್ರಿಯ ಮನೆಯ ನಡುಮನೆಯಲ್ಲಿ, ತೊಲೆಗೆ ಬಡಿದ ಒಂದು ಕಬ್ಬಿಣದ ಕೊಂಡಿ ಇದೆ. ಈಗ ಅದಕ್ಕೆ ಬೆಳ್ಳುಳ್ಳಿಯ ಗೊಂಚಲು ನೇತು ಹಾಕಿದ್ದೇವೆ. ಹೋದ ವಾರ ಗೋಡೆಗೆ ಸುಣ್ಣ ಹಚ್ಚಲು ಬಂದವನು ಏಣಿಯ ಮೇಲೆ ನಿಂತು, ಗೊಂಚಲನ್ನು ಕೆಳಗಿಳಿಸಿ, ಆ ಕೊಂಡಿಯನ್ನು ಎರಡು ಸಲ ಜಗ್ಗಿ ನೋಡಿ, “ಇದು ಯಾತರದ್ರಿ ಕಾಕಾ? ಕಿತ್ತು ಒಗೀಲೇನು?” ಎಂದು ಕೇಳಿದ. “ಅದು ನಿದ್ದೀದಪಾ” ಎಂದೆ. ಅವನು ಕೊಂಡಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ವಯಸ್ಸಾದವರ ಜೊತೆ ಹೆಚ್ಚು ಮಾತು ಬೇಡವೆಂದುಕೊಂಡು ಅದರ ಮೇಲೂ ಒಂದು ಕೈ ಸುಣ್ಣ ಎಳೆದು ಮುಂದೆ ಹೋದ.

ನಾನು ಮೊದಲಿನಿಂದಲೂ ಗೊಂದಲದ ಮನುಷ್ಯ. ಯಾರಾದರೂ ದಾರಿ ಕೇಳಿದರೆ ಬಲಗೈ ಎತ್ತಿ “ಎಡಕ್ಕೆ ಹೋಗಿ” ಎನ್ನುವ ಜಾತಿ ನನ್ನದು. ಕೇಳಿದವರು ನನ್ನ ಕೈಯನ್ನು ನಂಬಬೇಕೋ ಬಾಯನ್ನು ನಂಬಬೇಕೋ ತಿಳಿಯದೆ ಅಲ್ಲೇ ನಿಂತಿರುತ್ತಾರೆ. ಆದರೆ ಐವತ್ತಾರರಲ್ಲಿ ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಆ ವರ್ಷ ಮಾತ್ರ ಇಡೀ ಜಿಲ್ಲೆಯೇ ನನಗೆ ಜೊತೆ ಕೊಟ್ಟಿತು. ನೀವೇ ನೋಡಿ, ನಾವು ಎಲ್ಲಿಗೂ ಹೋಗಿರಲಿಲ್ಲ. ಮನೆ ಅಲ್ಲೇ ಇತ್ತು, ಬಾವಿ ಅಲ್ಲೇ ಇತ್ತು, ಕೋಟೆಯೂ ಅಲ್ಲೇ ಇತ್ತು. ಆದರೂ ರಾತ್ರಿ ಹೈದರಾಬಾದಿನಲ್ಲಿ ಮಲಗಿ ಬೆಳಿಗ್ಗೆ ಮೈಸೂರಿನಲ್ಲಿ ಎದ್ದೆವು. ನಮ್ಮ ನೆಂಟರಲ್ಲಿ ಕೆಲವರು ಮುಂಬಯಿಯಲ್ಲಿ ಎದ್ದರು, ಇನ್ನು ಕೆಲವರು ಆಂಧ್ರದಲ್ಲಿ ಎದ್ದರು. ಒಂದೇ ಮದುವೆಯ ಪಂಕ್ತಿಯಲ್ಲಿ ಕೂತವರು ಮೂರು ರಾಜ್ಯದವರಾಗಿದ್ದರು.

ನನ್ನ ಅವ್ವ ಔರಾದದವಳು. ಅವಳಿಗೆ ಈ ಸುದ್ದಿ ಹೇಳಿದಾಗ ಹಿಟ್ಟಿನ ಕೈ ಹಾಗೇ ಹಿಡಿದು ಯೋಚಿಸಿದಳು.

“ಮೈಸೂರಿಗಿ ಹೋಗಬೇಕಂದ್ರ ರೊಟ್ಟಿ ಎಷ್ಟು ದಿನಕ್ಕ ಆಗೂವಷ್ಟು ಕಟ್ಟಬೇಕೋ ತಮ್ಮಾ?”

“ನಾವ್ ಹೋಗೂದಿಲ್ಲವ್ವಾ. ಅದೇ ನಮ್ಮ ಬಲ್ಲಿ ಬಂದಾದ.”

“ಬಂದ್ರ ಬರಲಿ. ಮನ್ಯಾಗ ಜಾಗಾ ಎಲ್ಲ್ಯದ? ಅದಕ್ಕ ಎಲ್ಲಿ ಮಲಗಸ್ತಿ?”

ಜಾಗದ ಮಾತು ನಿಜವೇ ಆಗಿತ್ತು. ಬೀದರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಚಿದ್ರಿ ಆಗ ಊರ ಹೊರಗಿನ ಹಳ್ಳಿ. ಅಲ್ಲಿ ಎರಡೇ ಕೋಣೆಯ ಮಣ್ಣಿನ ಮಾಳಿಗೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆ, ಕೊಂಡುಕೊಂಡದ್ದು ಬಹಳ ವರ್ಷದ ಮೇಲೆ. ಅದರಲ್ಲಿ ನಾನು, ಹೆಂಡತಿ ನೀಲಮ್ಮ, ಹನ್ನೊಂದು ತಿಂಗಳ ಮಗಳು ಮಾದೇವಿ, ನನ್ನ ಅವ್ವ, ಸಾಲದ್ದಕ್ಕೆ ಬಾಣಂತನಕ್ಕೆಂದು ಭಾಲ್ಕಿಯಿಂದ ಬಂದು ಹನ್ನೊಂದು ತಿಂಗಳಾದರೂ ತಿರುಗಿ ಹೋಗುವ ಮಾತೆತ್ತದ ನನ್ನ ಅತ್ತೆ. ಗೋಡೆಗೆ ಗೋಡೆ ಹತ್ತಿಕೊಂಡ ಪಕ್ಕದ ಮನೆಯಲ್ಲಿ ಮನೆಯ ಒಡತಿ, ಚಿಕ್ಕಮ್ಮ ಎನ್ನುವಂತೆ ನಾವೆಲ್ಲ ‘ಖಾಲಾ’ ಎನ್ನುತ್ತಿದ್ದ ಮುಸಲ್ಮಾನ ಮುದುಕಿ. ಖಾಲಾಗೆ ಮೊಮ್ಮಕ್ಕಳು ಹನ್ನೆರಡು. ಆದರೂ ನಮ್ಮ ಕೂಸನ್ನು ಹದಿಮೂರನೆಯದೆಂದೇ ಲೆಕ್ಕ ಹಿಡಿದಿದ್ದಳು.

ಕಚೇರಿಯಲ್ಲಿ ನನ್ನ ಸ್ಥಿತಿ ಹೇಳುವಂತಿರಲಿಲ್ಲ. ಔರಾದದಲ್ಲಿ ನಾನು ಬೆಳೆದದ್ದು ಹೇಗೆಂದರೆ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಾಲೆಯಲ್ಲಿ ಉರ್ದು. ಓದು ಬರಹವೆಲ್ಲ ಉರ್ದುವೇ. ಅಕ್ಷರ ಎಂದರೆ ಬಲದಿಂದ ಎಡಕ್ಕೆ ಹರಿಯುವ ವಸ್ತು ಎಂದು ನನ್ನ ಕೈಗೆ ರೂಢಿಯಾಗಿತ್ತು. ಈಗ ಕಡತಗಳು ಕನ್ನಡಕ್ಕೆ ಬಂದವು. ನನ್ನ ಮೊದಲ ಕನ್ನಡ ಟಿಪ್ಪಣಿಯನ್ನು ಕಚೇರಿಯ ಹೊಸ ಪುಸ್ತಕದಲ್ಲಿ, ಒಂದೊಂದು ಅಕ್ಷರವನ್ನೂ ರಂಗೋಲಿಯಂತೆ ತಿದ್ದಿ ತಿದ್ದಿ ಬರೆದು, ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬರ ಮುಂದೆ ಇಟ್ಟೆ. ಅವರು ಪುಸ್ತಕ ತೆರೆದರು, ಏನೂ ಕಾಣಲಿಲ್ಲ. ಹಾಳೆ ತಿರುವಿದರು, ಆಗಲೂ ಕಾಣಲಿಲ್ಲ. ಕೊನೆಗೆ ನಾನು ಉರ್ದುವಿನ ರೂಢಿಯಂತೆ ಪುಸ್ತಕದ ಹಿಂದಿನ ಹಾಳೆಯಿಂದ ಶುರು ಮಾಡಿದ್ದೇನೆಂದು ಅವರಿಗೆ ಗೊತ್ತಾಯಿತು. ಒಳ್ಳೆಯ ಮನುಷ್ಯ, ನಗಲಿಲ್ಲ. ಪುಸ್ತಕವನ್ನು ಮೆಲ್ಲಗೆ ತಿರುಗಿಸಿ ನನ್ನ ಕೈಗೆ ಕೊಟ್ಟರು.

ನೀಲಮ್ಮ ಹಾಗಲ್ಲ. ಭಾಲ್ಕಿಯಲ್ಲಿ ಅವಳ ಸೋದರಮಾವ ಹಟ ಹಿಡಿದು ಅವಳಿಗೆ ಕನ್ನಡ ಕಲಿಸಿದ್ದರು. ಏಳನೆಯ ಇಯತ್ತೆ ಪಾಸಾಗಿದ್ದಳು. ಮದುವೆಯಾದಾಗ ಆ ಪ್ರಮಾಣಪತ್ರ ಯಾವ ಕೆಲಸಕ್ಕೂ ಬಾರದ ಕಾಗದ, ಅರಿಶಿನದ ಬೇರಿನ ಜೊತೆ ಟ್ರಂಕಿನ ತಳದಲ್ಲಿ ಮಲಗಿತ್ತು. ಈಗ ಕನ್ನಡ ಸಾಲೆಗಳು ತೆರೆದವು, ಕಲಿಸುವವರು ಸಿಗಲಿಲ್ಲ. ಮೈಲೂರಿನಲ್ಲಿ ಹೊಸದಾಗಿ ಆದ ಹೆಣ್ಣುಮಕ್ಕಳ ಸಾಲೆಗೆ ಅವಳು ಅರ್ಜಿ ಹಾಕಿದಳು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಎರಡು ದಿನ ಮೊದಲು ಆರ್ಡರು ಬಂತು. ಮನೆಯ ಯಜಮಾನನೆಂದು ಅದನ್ನು ಮೊದಲು ನಾನೇ ಒಡೆದೆ. ಮೂರು ಸಾಲು ಓದುವಷ್ಟರಲ್ಲಿ ಬೆವತು ಹೋಗಿ, “ನೀನೇ ಓದು” ಎಂದು ಅವಳ ಕೈಗೆ ಕೊಟ್ಟೆ. ಮೂರು ವಾರದೊಳಗೆ ಕೆಲಸಕ್ಕೆ ಹಾಜರಾಗತಕ್ಕದ್ದು, ತಪ್ಪಿದರೆ ಬೇರೆಯವರಿಗೆ ಕೊಡಲಾಗುವುದು ಎಂದು ಅದರಲ್ಲಿತ್ತು. ಇಡೀ ಕಾಗದದಲ್ಲಿ ‘ಹಾಜರು’ ಎನ್ನುವುದೊಂದೇ ನನ್ನ ಪರಿಚಯದ ಮಾತು. ಓದಿ ಮುಗಿಸಿದಾಗ ಅವಳ ಮುಖ ನೋಡಿದೆ. ಲಗ್ನದ ದಿನವೂ ಆ ಮುಖ ಅಷ್ಟು ಬೆಳಗಿರಲಿಲ್ಲ ಎಂದು ಒಪ್ಪಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ.

ತೊಡಕು ಒಂದೇ ಇತ್ತು. ಮಾದೇವಿ ರಾತ್ರಿ ಮಲಗುತ್ತಿರಲಿಲ್ಲ.

ಮಲಗುತ್ತಿರಲಿಲ್ಲ ಎಂದರೆ ಅಳುತ್ತಿದ್ದಳು ಎಂದಲ್ಲ. ಎಲ್ಲರೂ ದೀಪ ಸಣ್ಣ ಮಾಡಿ ಹಾಸಿಗೆ ಹಿಡಿದ ಮೇಲೆ ಅವಳಿಗೆ ಬೆಳಗಾಗುತ್ತಿತ್ತು. ಎದ್ದು ಕೂತು ಚಪ್ಪಾಳೆ ತಟ್ಟುತ್ತಿದ್ದಳು. ನೀಲಮ್ಮ ಅವಳನ್ನು ಹೆಗಲಿಗೆ ಹಾಕಿಕೊಂಡು ಕೋಳಿ ಕೂಗುವವರೆಗೆ ಎರಡು ಕೋಣೆಯಲ್ಲಿ ಸುತ್ತುತ್ತಿದ್ದಳು. ಹಗಲು ರೊಟ್ಟಿ ಬಡಿಯುವಾಗ ಕೂತಲ್ಲೇ ತೂಕಡಿಸಿ ಎರಡು ಸಲ ಕೈ ಸುಟ್ಟುಕೊಂಡಳು. ಹೀಗೆ ನಿದ್ದೆಗೆಟ್ಟವಳು ಸಾಲೆಯಲ್ಲಿ ನಿಂತು ನಲವತ್ತು ಮಕ್ಕಳಿಗೆ ಪಾಠ ಹೇಳುವುದು ಹೇಗೆ? ಕೂಸಿನ ನಿದ್ದೆ ಹಾದಿಗೆ ಬರದಿದ್ದರೆ ಆ ಆರ್ಡರೂ ಅರಿಶಿನದ ಬೇರಿನ ಜೊತೆ ಮಲಗಬೇಕಾಗುತ್ತಿತ್ತು.

ಉಪಾಯ ಹೇಳುವವರಿಗೇನೂ ಕೊರತೆ ಇರಲಿಲ್ಲ. ಅವ್ವನದು ಔರಾದದ ಪದ್ಧತಿ. ಹಳೆಯ ಸೀರೆಯ ಎರಡೂ ತುದಿ ಕಟ್ಟಿ ಕೊಂಡಿಗೆ ಜೋಳಿಗೆ ಹಾಕಬೇಕು, ಜೋರಾಗಿ ತೂಗಬೇಕು. ನನ್ನನ್ನು ಅವಳು ಹೊಲದ ಜಾಲಿಯ ಗಿಡಕ್ಕೆ ಹೀಗೇ ಕಟ್ಟಿ, ಜೋಳದಲ್ಲಿ ಕಸ ತೆಗೆಯುತ್ತ ಒಂದೊಂದು ಸಾಲು ಮುಗಿದಾಗೊಮ್ಮೆ ಬಂದು ತೂಗಿ ಹೋಗುತ್ತಿದ್ದಳಂತೆ. ನನ್ನ ತಲೆಯೊಳಗಿನ ಗೊಂದಲಕ್ಕೆ ಆ ತೂಗಾಟವೇ ಮೂಲವೆಂದು ನನಗೆ ಬಲವಾದ ಅನುಮಾನ. ಅತ್ತೆಯದು ಭಾಲ್ಕಿಯ ಪದ್ಧತಿ. ಕಾಲು ನೀಡಿ ಕೂತು, ಕೂಸನ್ನು ಕಾಲುಗಳ ಮೇಲೆ ಅಂಗಾತ ಮಲಗಿಸಿ, ಕಾಲು ಮೆಲ್ಲಗೆ ಅಲುಗಿಸುತ್ತ ಎದೆ ತಟ್ಟುತ್ತ ವಚನ ಹೇಳಬೇಕು. ಜೋಳಿಗೆ ಅವರಿಗೆ ಸೇರದು. “ಜೋಳಗ್ಯಾಗ ಹಾಕಿದ್ರ ಬೆನ್ನು ಬಾಗ್ತದರಿ ಬೀಗತೇರ” ಎನ್ನುವರು. “ಕಾಲಮ್ಯಾಲ ಹಾಕಿದ್ರ ರೂಢಿ ಬೀಳ್ತದ. ನಾಳಿ ನಿಮ್ಮ ಕಾಲು ಬ್ಯಾನಿ ಆದ್ರ ಕೂಸಿಗಿ ಯಾರ ಕಾಲು ತರೂದು?” ಎಂದು ಅವ್ವ ತಿರುಗಿ ಕೇಳುವಳು. ಖಾಲಾ ಇಬ್ಬರ ಮಾತನ್ನೂ ಕೇಳಿ ತಲೆಯಾಡಿಸಿ, ಅಂಗಾಲಿಗೆ ಎಣ್ಣೆ ತಿಕ್ಕಿ, ಲೋಬಾನದ ಹೊಗೆ ಹಾಕಿ, ಕಣ್ಣಿನ ಮೇಲೆ ತೆಳ್ಳನೆಯ ದುಪಟ್ಟಾ ಮುಚ್ಚಿದರೆ ಎಂಥ ಕೂಸಾದರೂ ಮಲಗುತ್ತದೆ ಎನ್ನುವಳು.

ನಾಲ್ಕನೆಯ ಪದ್ಧತಿ ಮೈಸೂರಿನಿಂದ ಬಂತು. ಎಳ್ಳಮಾಸಿಯ ಮರುದಿನ ನೀಲಮ್ಮ ಭಜ್ಜಿ ಮತ್ತು ಸಜ್ಜೆಯ ರೊಟ್ಟಿ ಕಟ್ಟಿಕೊಂಡು ಸಾಹೇಬರ ಮನೆಗೆ ಹೋದಳು, ನಾನೂ ಹಿಂದೆ ಹೋದೆ. ಕಾಳು, ಕಾಯಿ, ಸೊಪ್ಪು ಎಲ್ಲ ಕೂಡಿ ಕುದಿದ ಆ ಭಜ್ಜಿಯನ್ನು ಸಾಹೇಬರ ಹೆಂಡತಿ ಬಟ್ಟಲಿಗೆ ಹಾಕಿಕೊಂಡು, ಇದು ಸಾರೋ ಪಲ್ಯವೋ ತಿಳಿಯದೆ ಬಹಳ ಹೊತ್ತು ನೋಡಿದರು. ಆಮೇಲೆ ನೀಲಮ್ಮನ ಕೆಂಪು ಕಣ್ಣು ನೋಡಿದರು.

“ಪಾಪು ರಾತ್ರಿ ನಿದ್ದೆ ಮಾಡಲ್ವೇನಮ್ಮ?” ಎಂದು ಕೇಳಿದರು.

ನೀಲಮ್ಮ ಎಲ್ಲವನ್ನೂ ಹೇಳಿದಳು. ಆಕೆ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು. “ಒಂದು ವರ್ಷದ ಮಗುವಿಗೆ ಹಗಲು ಒಂದೇ ನಿದ್ದೆ ಸಾಕು. ಊಟ ಆದ್ಮೇಲೆ, ದಿನಾ ಅದೇ ಹೊತ್ತು, ಅದೇ ಜಾಗ. ಕಣ್ಣು ಎಳೀತಾ ಇರುವಾಗಲೇ ಮಲಗಿಸಿ, ಪೂರ್ತಿ ನಿದ್ದೆ ಹತ್ತಿದ ಮೇಲಲ್ಲ. ಎತ್ಕೊಂಡು ತಿರುಗಬೇಡಿ, ಹತ್ರಾನೇ ಇರಿ. ಸಂಜೆ ಮಾತ್ರ ಮಲಗೋಕೆ ಬಿಡಬೇಡಿ.” ಯಾವುದೋ ಪುಸ್ತಕದಲ್ಲಿ ಓದಿ, ತಮ್ಮ ಮೂರು ಮಕ್ಕಳ ಮೇಲೆ ಮಾಡಿ ನೋಡಿದ್ದಂತೆ. ಸಂಜೆಯ ಮಾತು ಬಂದಾಗ ನಾನು ಚಾವಣಿ ನೋಡಿದೆ. ಅದರ ಕಾರಣ ಮುಂದೆ ಹೇಳುತ್ತೇನೆ.

ನೀಲಮ್ಮ ಮನೆಗೆ ಬಂದು ಇದೇ ಕಾಯಿದೆ ಎಂದು ಸಾರಿದಳು. ಮಧ್ಯಾಹ್ನ ಒಂದು ಗಂಟೆಗೆ ಒಂದೇ ನಿದ್ದೆ, ಉಳಿದ ಹೊತ್ತು ಯಾರೂ ಮಲಗಿಸುವಂತಿಲ್ಲ. ಎಲ್ಲರೂ ಹೂಂಗುಟ್ಟಿದರು. ಹತ್ತು ದಿನ ಕಳೆಯಿತು. ಒಂದು ಗಂಟೆಗೆ ಹಾಸಿಗೆಯ ಮೇಲೆ ಬಿಟ್ಟರೆ ಮಾದೇವಿ ಎದ್ದು ಕೂತು ಚಪ್ಪಾಳೆ ತಟ್ಟುತ್ತಿದ್ದಳು. ರಾತ್ರಿಯೂ ಚಪ್ಪಾಳೆ. ಹನ್ನೊಂದು ತಿಂಗಳ ಕೂಸು ನಿದ್ದೆಯನ್ನೇ ಮಾಡದೆ ಇಷ್ಟು ಗುಂಡಗುಂಡಗೆ ಹೇಗಿದೆ ಎನ್ನುವುದು ಯಾರಿಗೂ ಬಗೆಹರಿಯಲಿಲ್ಲ. ದೃಷ್ಟಿ ತೆಗೆದು ಉಪ್ಪು ಮೆಣಸಿನಕಾಯಿ ಒಲೆಗೆ ಹಾಕಿದೆವು. ಮನೆಯವರೆಲ್ಲ ಕೆಮ್ಮಿದರು, ಕೂಸು ನಕ್ಕಿತು.

ಒಂದು ದಿನ ನಾನು ಕಚೇರಿಗೆ ಹೋದರೆ ಬಾಗಿಲಲ್ಲಿ ಮೇಜು ಕುರ್ಚಿಗಳ ರಾಶಿ. ಒಳಗೆ ಸುಣ್ಣ ಬಳಿಯುತ್ತಿದ್ದರು, ಹೊರಗೆ ಕನ್ನಡದ ಹೊಸ ಫಲಕ ಏರಿಸುತ್ತಿದ್ದರು. ಗುಮಾಸ್ತರೆಲ್ಲ ಮನೆಗೆ ಹೋಗಿ ಎಂದರು. ಸೈಕಲ್ಲು ತಿರುಗಿಸಿ ಬಂದೆ. ಒಳಗೆ ಹೋದರೆ ಕೂಸು ಕೊರಳಿಗೆ ಬೀಳುತ್ತದೆ, ಕನ್ನಡದ ಕಾಪಿ ಬರೆಯಲು ಆಗುವುದಿಲ್ಲ ಎಂದು ಹೊರಗಿನ ಮೆಟ್ಟಿಲಿನಿಂದ ನೇರವಾಗಿ ಮಾಳಿಗೆ ಹತ್ತಿ, ಚಳಿಗಾಲದ ಎಳೆಬಿಸಿಲಿನಲ್ಲಿ ಕೂತೆ. ನಡುಮನೆಯ ಮೇಲೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಣುಕಿದರೆ ಒಳಗೆ ನಡೆಯುವುದೆಲ್ಲ ಕಾಣುತ್ತಿತ್ತು. ಇಣುಕುವ ಉದ್ದೇಶ ನನಗೇನೂ ಇರಲಿಲ್ಲ. ಆದರೆ ‘ಳ’ ಅಕ್ಷರವನ್ನು ಇಪ್ಪತ್ತು ಸಲ ಬರೆದ ಮೇಲೆ ಮನುಷ್ಯ ಎಲ್ಲಿಗಾದರೂ ಇಣುಕಲೇಬೇಕು.

ಹತ್ತು ಗಂಟೆಗೆ ನೀಲಮ್ಮ ಬಟ್ಟೆಯ ಗಂಟು ಹೊತ್ತು ಬಾವಿಗೆ ಹೋದಳು. ಅತ್ತೆ ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂತರು. ಅದು ಒಂದು ತಾಸಿನ ಕೆಲಸ. ಅವ್ವ ಬಾಗಿಲಿಗೆ ಬಂದು ಹೊರಗೆ ನೋಡಿದಳು, ಒಳಗೆ ನೋಡಿದಳು. ಗಡಿಗೆಯ ಹಿಂದಿನಿಂದ ಹಳೆಯ ಸೀರೆ ತೆಗೆದು, ಕ್ಷಣದಲ್ಲಿ ಕೊಂಡಿಗೆ ಜೋಳಿಗೆ ಕಟ್ಟಿ, ಮಾದೇವಿಯನ್ನು ಅದರಲ್ಲಿ ಹಾಕಿ, ಅರ್ಧ ಮರಾಠಿ ಅರ್ಧ ಕನ್ನಡದ ಜೋಗುಳವನ್ನು ಮೂಗಿನಲ್ಲೇ ಹಾಡುತ್ತ ತೂಗತೊಡಗಿದಳು. ಕೂಸು ಮುಕ್ಕಾಲು ತಾಸು ಮಲಗಿತು. ಪೂಜೆಯ ಗಂಟೆ ಕೇಳುತ್ತಲೇ ಅವಳು ಅದನ್ನು ಎತ್ತಿ ನೆಲಕ್ಕೆ ಬಿಟ್ಟು, ಸೀರೆಯನ್ನು ಮತ್ತೆ ಗಡಿಗೆಯ ಹಿಂದೆ ಮುಚ್ಚಿಟ್ಟಳು.

ಹನ್ನೆರಡು ಗಂಟೆಗೆ ಅವ್ವ ಹನುಮಂತ ದೇವರ ಗುಡಿಗೆ ಹೋದಳು, ನೀಲಮ್ಮ ಹಿಂದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಕಾಲು ನೀಡಿದರು. ವಚನ ಮೆಲ್ಲಗೆ ಶುರುವಾಯಿತು. ರೊಟ್ಟಿಯ ಸಪ್ಪಳ ನಿಲ್ಲುವವರೆಗೆ ಅರ್ಧ ತಾಸು ಭಾಲ್ಕಿಯ ಪದ್ಧತಿ ನಡೆಯಿತು. ಒಂದು ಗಂಟೆಗೆ ನೀಲಮ್ಮ ಕೈ ತೊಳೆದು ಬಂದು, ಪುಸ್ತಕದ ಪದ್ಧತಿಯಂತೆ ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿದಳು. ಎರಡೆರಡು ನಿದ್ದೆ ಮುಗಿಸಿದ ಕೂಸು ಎದ್ದು ಕೂತಿತು. ಮಲಗಿಸಿದಳು, ಮತ್ತೆ ಎದ್ದಿತು. ಒಂದು ತಾಸು ಹೀಗೇ ನಡೆಯಿತು. ಅವ್ವ ಮತ್ತು ಅತ್ತೆ ಎರಡು ಮೂಲೆಯಲ್ಲಿ ಕೂತು, “ಪಾಪ, ಕೂಸಿಗಿ ನಿದ್ದಿನೇ ಇಲ್ಲಲ್ಲವ್ವಾ” ಎನ್ನುತ್ತಿದ್ದರು. ನೀಲಮ್ಮ ಕೊನೆಗೆ ಗೋಡೆಗೆ ಮುಖ ಮಾಡಿ ಅತ್ತಳು. ಅದನ್ನು ನಾನು ಮೇಲಿನಿಂದ ನೋಡಬಾರದಿತ್ತು.

ನಾಲ್ಕು ಗಂಟೆಗೆ ಅವಳು ಕೊಡ ಹಿಡಿದು ನೀರಿಗೆ ಹೋದಳು. ಖಾಲಾ ಗೋಡೆಯಾಚೆಯಿಂದ ಕೈ ಚಾಚಿದಳು. ಕೂಸು ಗೋಡೆ ದಾಟಿತು. ಹೊಗೆ ಎದ್ದಿತು, ಲೋಬಾನದ ವಾಸನೆ ನನ್ನ ಮೂಗಿಗೇ ಬಂದು ನನಗೂ ಕಣ್ಣು ಎಳೆಯಿತು.

ಮೂವರೂ ಸಿಕ್ಕಿಬಿದ್ದರು. ನಾನು ಬಹಳ ದೊಡ್ಡ ಸಂಗತಿ ಕಂಡುಹಿಡಿದವನಂತೆ ಮೀಸೆ ತಿರುವಿಕೊಂಡು ಕೆಳಗಿಳಿದೆ. ಸಂಜೆ ನೀಲಮ್ಮ ನೀರು ತಂದು ಇಳಿಸುತ್ತಲೇ ಎಲ್ಲರನ್ನೂ ಕೂಡಿಸಿ, ಕಚೇರಿಯಲ್ಲಿ ವಿಚಾರಣೆ ಮಾಡುವ ಧಾಟಿಯಲ್ಲಿ ಒಂದೊಂದೇ ಹೊರಗೆ ತೆಗೆದೆ. ಅವ್ವ ಸೆರಗಿನ ತುದಿ ನೋಡತೊಡಗಿದಳು. ಅತ್ತೆ ಕೊರಳಿನ ಲಿಂಗ ಮುಟ್ಟಿಕೊಂಡು, “ಹೌದಪಾ, ಮಲಗಿಸೀನಿ. ಸುಳ್ಳು ಹೇಳಂಗಿಲ್ಲ” ಎಂದರು. ಖಾಲಾ ಮಾತ್ರ ಗೋಡೆಯ ಮೇಲೆ ಮೊಣಕೈ ಊರಿ ನನ್ನನ್ನು ದಿಟ್ಟಿಸಿದಳು.

“ನಾವು ಚೋರ್ ಇದ್ದೇವು, ಠೀಕ್ ಅದ. ನೀ ದಿನಾ ಸಂಜಿಗಿ ಬಚ್ಚಿಗಿ ಛತ್ತಿನ ಮ್ಯಾಲ ಕರ್ಕೊಂಡು ಹೋಗಿ ಏನ್ ಮಾಡ್ತಿ ಬಾಬಾ? ನನ್ನ ಅಂಗಳದಾಗ ನಿಂತ್ರ ಎಲ್ಲಾ ಕೇಳಸ್ತದ.”

ನನ್ನ ಮೀಸೆ ಇಳಿಯಿತು. ಈಗ ಹೇಳಿಬಿಡುತ್ತೇನೆ. ಕಚೇರಿಯಲ್ಲಿ ಉರ್ದು ನಿಂತ ಮೇಲೆ ನನ್ನ ಬಾಯಿಗೆ ಕೆಲಸವೇ ಇರಲಿಲ್ಲ. ದಿನವಿಡೀ ಕನ್ನಡ ಅಕ್ಷರಗಳ ಮುಂದೆ ಮೂಕನಂತೆ ಕೂತು, ಸಂಜೆ ಮನೆಗೆ ಬಂದು, ಮಾದೇವಿಯನ್ನು ಹೆಗಲಿಗೆ ಹಾಕಿಕೊಂಡು ಮಾಳಿಗೆ ಹತ್ತುತ್ತಿದ್ದೆ. ಕಂದಾಯದ ಹಳೆಯ ಉರ್ದು ಕಾನೂನು ಪುಸ್ತಕವೊಂದು ನನ್ನ ಬಳಿ ಉಳಿದಿತ್ತು. ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಒಂದು ಪುಟ ಮುಗಿಯುವುದರೊಳಗೆ ಕೂಸು ನನ್ನ ಕೊರಳಿಗೆ ಬಿಸಿಯುಸಿರು ಬಿಡುತ್ತ ಮಲಗಿಬಿಡುತ್ತಿತ್ತು. ಅದರಷ್ಟು ಗಾಢವಾದ ನಿದ್ದೆಯನ್ನು ನಾನು ಯಾವ ಮಕ್ಕಳಲ್ಲೂ ಕಂಡಿಲ್ಲ. ಒಂದೂವರೆ ತಾಸು ಮಲಗುತ್ತಿತ್ತು. ಇಡೀ ದಿನದಲ್ಲಿ ನಾನು ಏನನ್ನೋ ಸರಿಯಾಗಿ ಮಾಡಿದ್ದೇನೆ ಎನ್ನಿಸುತ್ತಿದ್ದದ್ದು ಆಗ ಮಾತ್ರ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಗಾಳಿ ತೋರಿಸಲು ಒಯ್ಯುತ್ತೇನೆ ಎನ್ನುತ್ತಿದ್ದೆ.

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಅವ್ವ. “ದೀಪ ಹಚ್ಚೂ ಹೊತ್ತಿನಾಗ ಮಲಗಸ್ತಿದ್ದೇನೋ?” ಎಂದಳು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಜ್ವರ ಬಂದವರನ್ನೂ ಎಬ್ಬಿಸಿ ಕೂಡಿಸುತ್ತಿದ್ದಳು. ಆಗ ಮಲಗಿದರೆ ಬಾಗಿಲಿಗೆ ಬಂದ ಲಕ್ಷ್ಮಿ ಹೊರಳಿ ಹೋಗುತ್ತಾಳೆ ಎನ್ನುವುದು ಅವಳ ನಂಬಿಕೆ. ಸಣ್ಣವನಿದ್ದಾಗ ನಾನು ಆಡಿ ದಣಿದು ಆ ಹೊತ್ತಿನಲ್ಲಿ ಕಣ್ಣು ಮುಚ್ಚಿದರೆ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಅಂಥವಳ ಮಗ, ಅವಳ ತಲೆಯ ಮೇಲೆಯೇ, ದಿನವೂ ಲಕ್ಷ್ಮಿಯನ್ನು ಹೊರಳಿಸಿ ಕಳಿಸುತ್ತಿದ್ದ.

ನೀಲಮ್ಮ ಜಗಳಾಡುತ್ತಾಳೆ ಎಂದುಕೊಂಡಿದ್ದೆವು. ಅವಳು ಜಗಳಾಡಲಿಲ್ಲ. ತುಂಬಿದ ಕೊಡದ ಪಕ್ಕದಲ್ಲೇ ಕೂತುಕೊಂಡಳು.

“ನಾಕು ಮಂದಿ ಕೂಡಿ ಆಕಿಗಿ ನಾಕು ಸಲ ಮಲಗಿಸೀರಿ,” ಎಂದಳು. “ನಂಗ ಯಾರೂ ಒಂದು ಸಲಾನೂ ಮಲಗು ಅನ್ನಲಿಲ್ಲ.”

ಆಮೇಲೆ ಎದ್ದು ಹೋಗಿ ಟ್ರಂಕಿನಿಂದ ಆರ್ಡರು ತಂದು ನನ್ನ ಮುಂದೆ ಇಟ್ಟಳು. “ಇದು ಆಗಂಗಿಲ್ಲಂತ ಬರದು ಕಳಸ್ರಿ. ನಂಗ ನಿಂದ್ರಲಾಕ ಆಗವಲ್ದು.”

ನನಗೆ ಆ ಕಾಗದ ಮುಟ್ಟಲು ಕೈ ಬರಲಿಲ್ಲ. ಆಗಂಗಿಲ್ಲ ಎಂದು ಬರೆಯುವಷ್ಟು ಕನ್ನಡ ನನಗೆ ಬರುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಕಡೆಗೆ ಅವ್ವ ಆ ಕಾಗದವನ್ನು ಎತ್ತಿ, ತಲೆಕೆಳಗಾಗಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಮಡಿಸಿ ನೀಲಮ್ಮನ ಮಡಿಲಿಗೆ ಹಾಕಿದಳು.

“ಹೋಗಬೇಕವಾ ನೀ. ನಾವ್ಯಾರೂ ಓದಿಲ್ಲ, ನೀ ಓದೀದಿ. ಹ್ಯಾಂಗ ಮಲಗಸಬೇಕು ಹೇಳು, ಹಂಗ ಮಲಗಸ್ತೀವಿ.”

ನೀಲಮ್ಮ ಆ ಕಾಗದವನ್ನು ಮಡಿಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರ ಕಡೆಗೆ ತಿರುಗಿದಳು. ಯಾರ ಪದ್ಧತಿ ಸರಿ, ಯಾರದು ತಪ್ಪು ಎಂದು ಅವಳು ತೀರ್ಪು ಹೇಳಲಿಲ್ಲ. ಎಲ್ಲರಿಗೂ ಒಂದೊಂದು ತುಂಡು ಹಂಚಿದಳು. ಹೊತ್ತು ಮಾತ್ರ ಒಂದೇ. ಊಟವಾದ ಮೇಲೆ ಕೈಕಾಲು ತೊಳೆಯಬೇಕು. ಖಾಲಾ ಚಿಟಿಕೆ ಲೋಬಾನ ಹಾಕಿ, ಬಾಗಿಲಲ್ಲೇ ಹೊಗೆ ತೋರಿಸಿ ಹೋಗಬೇಕು. ಅತ್ತೆ ಒಂದು ವಚನ ಹೇಳಬೇಕು, ಎರಡನೆಯದಿಲ್ಲ. ಅವ್ವ ಕೂಸು ಎಚ್ಚರವಿರುವಾಗಲೇ ಜೋಳಿಗೆಗೆ ಹಾಕಿ ಮೂರು ಸಲ ಮೆಲ್ಲಗೆ ತೂಗಬೇಕು, ನಾಲ್ಕನೆಯ ತೂಗು ಇಲ್ಲ. ಆಮೇಲೆ ಎಲ್ಲರೂ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂಡಬೇಕು.

“ನಾ ಏನ್ ಮಾಡ್ಲಿ?” ಎಂದು ಕೇಳಿದೆ.

“ನೀವು ಸಂಜಿಗಿ ಆಕಿಗಿ ಮಲಗಗೊಡಬ್ಯಾಡ್ರಿ. ಅದೇ ನಿಮ್ಮ ಕೆಲಸ.”

ನಿದ್ದೆ ಮಾಡಿಸಲು ಮೂವರು, ನಿದ್ದೆ ಕೆಡಿಸಲು ನಾನು. ಕಾನೂನು ಪುಸ್ತಕವನ್ನು ನಾನೇ ಕಟ್ಟಿ ಗೋಡೆಯ ಗೂಡಿನಂಥ ಮಾಡದಲ್ಲಿ ಇಟ್ಟೆ.

ಮೊದಲ ಮೂರು ದಿನ ಕೂಸು ಅತ್ತ ಅಳುವನ್ನು ನೆನೆಯಬಾರದು. ಜೋಳಿಗೆ ನಿಂತ ತಕ್ಷಣ ಅದು ಸೀರೆಯ ಅಂಚು ಸರಿಸಿ ಇಣುಕುತ್ತಿತ್ತು, ಅವ್ವ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು, ಎರಡೂ ಕಣ್ಣು ಕೂಡಿದರೆ ಎರಡೂ ಕಡೆ ಅಳು. ನೀಲಮ್ಮ ಒಳಗೆ ಹೋಗಿ, ಎತ್ತಿಕೊಳ್ಳದೆ, ಜೋಳಿಗೆಯ ಮೇಲೆ ಕೈ ಇಟ್ಟು ನಿಂತು, ಅಳು ಇಳಿದ ಮೇಲೆ ಹೊರಗೆ ಬರುತ್ತಿದ್ದಳು. ಅತ್ತೆಗೆ ಒಂದೇ ವಚನ ಸಾಲದೆ, ಇದ್ದುದರಲ್ಲೇ ಬಲು ಉದ್ದದ್ದನ್ನು ಆರಿಸಿಕೊಳ್ಳುತ್ತಿದ್ದರು. ಖಾಲಾ ಗೋಡೆಯಾಚೆಯಿಂದ ಐದೈದು ನಿಮಿಷಕ್ಕೆ “ಸೋಯೀ ಕ್ಯಾ?” ಎಂದು, ಮಲಗಿದಳೇನೆಂದು, ಪಿಸುಗುಟ್ಟುತ್ತಿದ್ದಳು. ಸಂಜೆ ನಾನು ಕೂಸಿನ ಮುಂದೆ ತಟ್ಟೆ ಬಾರಿಸಿದೆ, ಆಡಿನಂತೆ ಕೂಗಿದೆ, ಟೊಪ್ಪಿಗೆ ತಿರುಗಿಸಿ ಹಾಕಿಕೊಂಡೆ. ಅದು ಕಣ್ಣು ಎಳೆಯುತ್ತ ನನ್ನ ಹೆಗಲಿಗೆ ತಲೆ ಇಡಲು ಬಂದಾಗ ತಲೆಯನ್ನು ಮೆಲ್ಲಗೆ ಎತ್ತಿ ನಿಲ್ಲಿಸಬೇಕಾಗುತ್ತಿತ್ತು. ಅಷ್ಟು ನಿರ್ದಯದ ಕೆಲಸವನ್ನು ನಾನು ಬದುಕಿನಲ್ಲಿ ಮತ್ತೊಂದು ಮಾಡಿಲ್ಲ.

ವಾರ ಕಳೆಯುವುದರಲ್ಲಿ ಮಾದೇವಿ ರಾತ್ರಿ ಮಲಗತೊಡಗಿದಳು. ಆಗ ಇನ್ನೊಂದು ವಿಚಿತ್ರ ಆಯಿತು. ಕೂಸು ಮಲಗಿದರೂ ನೀ‌ಲಮ್ಮನಿಗೆ ನಿದ್ದೆ ಬರಲಿಲ್ಲ. ಇಷ್ಟು ಸುಮ್ಮನೆ ಮಲಗಿದ್ದಾಳಲ್ಲ, ಉಸಿರಾಡುತ್ತಾಳೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ಅದರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ಎಚ್ಚರವಿರುವುದೇ ಅವಳಿಗೆ ರೂಢಿಯಾಗಿ ಹೋಗಿತ್ತು. ಕೂಸಿನ ನಿದ್ದೆಗೆ ನಾಲ್ಕು ಪದ್ಧತಿ ಇದ್ದವು, ತಾಯಿಯ ನಿದ್ದೆಗೆ ಔರಾದದಲ್ಲಿ ಇಲ್ಲ, ಭಾಲ್ಕಿಯಲ್ಲಿ ಇಲ್ಲ, ಬೀದರಿನಲ್ಲಿ ಇಲ್ಲ, ಮೈಸೂರಿನ ಪುಸ್ತಕದಲ್ಲೂ ಇದ್ದಂತೆ ಕಾಣಲಿಲ್ಲ.

ಅವಳು ಹಾಜರಾಗುವ ದಿನ ಬಂತು. ಸೀರೆಗೆ ಪಿನ್ನು ಚುಚ್ಚಿಕೊಂಡು, ಜೋಳಿಗೆಯ ಗಂಟನ್ನು ಎರಡು ಸಲ ಜಗ್ಗಿ ನೋಡಿ ಹೊರಟಳು. ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಮೈಲೂರಿಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಒಂದೇ ಮಾತು ಆಡಿದಳು. “ಒಂದಕ್ಕ ಮಲಗದಿದ್ರ ಯಾರಿಗರೆ ಕಳಸ್ರಿ. ನಾ ಬಂದುಬಿಡ್ತೀನಿ.”

ಕಚೇರಿಯಲ್ಲಿ ನನಗೆ ಕೂಡಲಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಓಡಿದೆ. ಕಟ್ಟೆಯ ಮೇಲೆ ಅವ್ವ, ಅತ್ತೆ, ಖಾಲಾ ಮೂವರೂ ಸಾಲಾಗಿ ಕೂತಿದ್ದರು. ಮೂವರ ಕೈಯೂ ಮಡಿಲಲ್ಲಿತ್ತು. ಮುಖ ನೋಡಿದರೆ ಏನೋ ಕೆಟ್ಟದ್ದು ಆದಂತಿತ್ತು.

“ಏನಾಯ್ತವ್ವಾ?”

“ಏನಿಲ್ಲೋ. ಮಕ್ಕೊಂಡಾಳ.”

“ಮತ್ತ ಹಿಂಗ್ಯಾಕ ಕುಂತೀರಿ?”

ಅವ್ವ ತನ್ನ ಅಂಗೈ ನೋಡಿಕೊಂಡಳು. “ಮೂರು ಸಲ ತೂಗಂದಿದ್ದಳಲ್ಲ. ಎರಡು ತೂಗಿದ್ದೆ. ಮೂರನೇದಕ್ಕ ಕೈ ಹಾಕೂದ್ರಾಗ ಕಣ್ಣು ಮುಚ್ಚಿಬಿಟ್ಟಳಪಾ. ನಂದೊಂದು ತೂಗು ಹಂಗೇ ಉಳೀತು.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಖಾಲಾ, “ಬಚ್ಚಿ ಬಡೀ ಹೋಗಯೀ” ಎಂದಳು. ದೊಡ್ಡವಳಾಗಿಬಿಟ್ಟಳು ಎಂದು. ಹನ್ನೊಂದು ತಿಂಗಳ ಕೂಸು ಒಳಗೆ ಮಲಗಿತ್ತು. ನಾವು ಬಯಸಿದ್ದೂ ಇದನ್ನೇ. ಆದರೂ ಸಂತೋಷಪಡಬೇಕೋ ಬೇಡವೋ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಇವತ್ತಿಗೂ ನನಗೆ ಅದು ತಿಳಿದಿಲ್ಲ.

ಸಂಜೆ ನೀಲಮ್ಮನನ್ನು ಕರೆತಂದೆ. ಚಪ್ಪಲಿ ಬಿಡುವ ಮೊದಲೇ ಅವ್ವನ ಮುಖ ನೋಡಿ, “ಮಕ್ಕೊಂಡಿದ್ದಳೇನ್ರಿ ಅತ್ತಿ?” ಎಂದು ಕೇಳಿದಳು. ಮಲಗಿದ್ದಳು, ಎದ್ದಳು, ಅಂಬಲಿ ಕುಡಿದಳು, ಒಮ್ಮೆಯೂ ಅಳಲಿಲ್ಲ ಎಂದು ಅವ್ವ ವರದಿ ಒಪ್ಪಿಸಿದಳು. ನೀಲಮ್ಮ ತಲೆಯಾಡಿಸಿದಳು. ಕೂಸಿಗೆ ಹಾಲೂಡಿಸಿ ನನ್ನ ಕೈಗೆ ಕೊಟ್ಟು, ನಡುಮನೆಯ ಕಂಬಕ್ಕೆ ಒರಗಿ ಕೂತಳು. ಅಂಗೈಗೆ ಬಳಪದ ಪುಡಿ ಹತ್ತಿತ್ತು, ತೊಳೆದುಕೊಂಡಿರಲಿಲ್ಲ.

ನಾನು ಆಡಿನಂತೆ ಕೂಗಲು ಸಿದ್ಧನಾದೆ.

“ಇವತ್ತ ಅದು ಬ್ಯಾಡ್ರಿ,” ಎಂದಳು. “ನಿಮ್ಮ ಉರ್ದು ಓದ್ರಿ. ನಾ ಒಂದಿನಾನೂ ಕೇಳಿಲ್ಲ.”

“ಕೂಸು ಮಲಗಿಬಿಡ್ತಾದ.”

“ಒಂದಿನ ಮಲಗಿದ್ರ ಮಲಗಲಿ.”

ಮಾಡದಿಂದ ಪುಸ್ತಕ ಇಳಿಸಿ, ಧೂಳು ಊದಿ, ಹಿಂದಿನ ಹಾಳೆಯಿಂದ ತೆರೆದೆ. ಅದಕ್ಕೆ ಅದೇ ಮುಂದಿನ ಹಾಳೆ. ಯಾವ ಜಮೀನಿಗೆ ಎಷ್ಟು ಕಂದಾಯ, ಯಾರ ಹುಕುಮಿನ ಪ್ರಕಾರ ಯಾರು ವಸೂಲು ಮಾಡಬೇಕು ಎನ್ನುವ ಆ ಒಣ ಉರ್ದುವನ್ನು ಹಳೆಯ ರಾಗದಲ್ಲಿ ಓದತೊಡಗಿದೆ. ಮಾದೇವಿ ಮಲಗಲಿಲ್ಲ. ನನ್ನ ತುಟಿಗೆ ಬೆರಳು ಹಾಕಿ, ಅಲ್ಲಿಂದ ಸದ್ದು ಹೇಗೆ ಬರುತ್ತದೆಂದು ಹುಡುಕುತ್ತ, ಕಣ್ಣು ಇಷ್ಟಗಲ ತೆರೆದು ಕೂತಿದ್ದಳು. ಬೆಳಕು ಕಡಿಮೆಯಾಯಿತು, ಅಕ್ಷರ ಮಸುಕಾದವು. ನನಗೆ ಬಾಯಿಪಾಠ ಇದ್ದುದರಿಂದ ಓದು ನಿಲ್ಲಲಿಲ್ಲ. ಪುಟ ತಿರುವುವಾಗ ತಲೆ ಎತ್ತಿ ನೋಡಿದೆ. ಕಂಬಕ್ಕೆ ಒರಗಿದ್ದ ನೀಲಮ್ಮನ ತಲೆ ಒಂದು ಪಕ್ಕಕ್ಕೆ ವಾಲಿತ್ತು, ಬಾಯಿ ತುಸು ತೆರೆದಿತ್ತು. ಅವಳು ಮಲಗಿದ್ದಳು.

ಅಷ್ಟರಲ್ಲಿ ಅವ್ವ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ದೀಪ ಹಚ್ಚಲು ಬಂದಳು. ದೇವರ ಮಾಡದ ಮುಂದೆ ನಿಂತು, ತಿರುಗಿ ಸೊಸೆಯನ್ನು ನೋಡಿದಳು. ಈಗ ಎಬ್ಬಿಸುತ್ತಾಳೆ ಎಂದುಕೊಂಡು ನಾನು ಓದು ನಿಲ್ಲಿಸಿದೆ. ಅವ್ವ ಓದು ಎಂದು ಕೈಸನ್ನೆ ಮಾಡಿದಳು. ಕಡ್ಡಿಪೆಟ್ಟಿಗೆಯನ್ನು ಸಪ್ಪಳವಾಗದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ಕೂತಳು.

“ಇನ್ನೂ ಹೊತ್ತದ,” ಎಂದು ಪಿಸುಗುಟ್ಟಿದಳು.

ಹೊರಗೆ ಆಗಲೇ ಚುಕ್ಕಿ ಮೂಡಿದ್ದವು.